ಅರ್ಧಕ್ಕೆ ನಿಂತ ಉಳುಮೆ ಮುಗಿಸಿದ ಅಣ್ಣ

ವೈದ್ಯಕೀಯ ಓದಲು ನಮ್ಮ ರಾಜ್ಯದಿಂದ ರಷ್ಯಾಕ್ಕೋ ಕಿರ್ಗಿಸ್ತಾನಕ್ಕೋ ಹೋಗುವ ಹುಡುಗ ಹುಡುಗಿಯರು ಅಲ್ಲಿ ಇಳಿದ ಕೂಡಲೇ ಮತ್ತೊಮ್ಮೆ ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಮೇಲಿನ ಊರಿನ ಹೆಸರು, ಔಷಧದ ಚೀಟಿ ಎಲ್ಲವೂ ಹೊಸ ಲಿಪಿಯಲ್ಲಿರುತ್ತವೆ. ಇಂಗ್ಲಿಷಿನ ಪಿ ಎಂದು ಕಾಣುವುದನ್ನು ಅಲ್ಲಿ ರ ಎಂದು ಓದಬೇಕು, ಬಿ ಎಂದು ಕಾಣುವುದನ್ನು ವ ಎಂದು ಓದಬೇಕು. ಆ ಲಿಪಿಯ ಹೆಸರು ಸಿರಿಲಿಕ್. ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್, ಮ್ಯಾಸಿಡೋನಿಯನ್ ಭಾಷೆಗಳನ್ನು ಇಂದು ಬರೆಯುವುದು ಅದರಲ್ಲಿಯೇ.

9ನೇ ಶತಮಾನದಲ್ಲಿ ಬದುಕಿದ್ದ ಸಿರಿಲ್ ಎಂಬ ವಿದ್ವಾಂಸನ ಹೆಸರನ್ನು ಈ ಲಿಪಿಗೆ ಇಟ್ಟಿದ್ದಾರೆ. ಸಿರಿಲ್‌ಗೆ ಒಬ್ಬ ಅಣ್ಣನಿದ್ದ. ಹೆಸರು ಮೆಥೋಡಿಯಸ್. ಅವನ ಹೆಸರಿನ ಲಿಪಿ ಯಾವುದೂ ಇಲ್ಲ. ಇಬ್ಬರನ್ನೂ ಸೇರಿಸಿ ಹೇಳುವಾಗ ಅವನ ಹೆಸರು ಯಾವಾಗಲೂ ಎರಡನೆಯದು. ಆದರೆ ತಮ್ಮ ಸತ್ತ ಮೇಲೆ 16 ವರ್ಷ ಆ ಕೆಲಸವನ್ನು ಹೆಗಲ ಮೇಲೆ ಹೊತ್ತು ನಡೆದವನು ಈ ಅಣ್ಣ. ಅದಕ್ಕಾಗಿ ಸೆರೆಮನೆಯನ್ನೂ ಕಂಡವನು. ಅವನಿಲ್ಲದಿದ್ದರೆ ತಮ್ಮನ ಅಕ್ಷರಗಳು ಕೆಲವು ಹಾಳೆಗಳ ಮೇಲೆ ಉಳಿದು ಕಳೆದುಹೋಗುತ್ತಿದ್ದವು ಎಂದರೆ ತಪ್ಪಾಗಲಾರದು.

ಎರಡು ಭಾಷೆಗಳ ಊರು

ಮೆಥೋಡಿಯಸ್ ಹುಟ್ಟಿದ್ದು ಸುಮಾರು ಕ್ರಿ.ಶ. 815ರಲ್ಲಿ, ಥೆಸಲೋನಿಕಾ ನಗರದಲ್ಲಿ. ಇಂದು ಅದು ಗ್ರೀಸ್ ದೇಶದ ಎರಡನೇ ದೊಡ್ಡ ನಗರ. ಆಗ ಅದು ಬೈಜಾಂಟೈನ್ ಸಾಮ್ರಾಜ್ಯಕ್ಕೆ ಸೇರಿತ್ತು. ಹಳೆಯ ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗ ಕುಸಿದ ಮೇಲೂ ಪೂರ್ವ ಭಾಗ ಸಾವಿರ ವರ್ಷ ಬಾಳಿತು. ಅದನ್ನೇ ನಾವು ಬೈಜಾಂಟೈನ್ ಸಾಮ್ರಾಜ್ಯ ಎನ್ನುತ್ತೇವೆ. ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಅದರ ರಾಜಧಾನಿ. ಅಲ್ಲಿನ ಆಡಳಿತ, ಓದು, ಪೂಜೆ ಎಲ್ಲ ಗ್ರೀಕ್ ಭಾಷೆಯಲ್ಲಿ ನಡೆಯುತ್ತಿದ್ದವು.

ಆದರೆ ಥೆಸಲೋನಿಕಾದ ಕೋಟೆಯ ಹೊರಗೆ ಕಾಲಿಟ್ಟರೆ ಬೇರೆಯೇ ಮಾತು ಕಿವಿಗೆ ಬೀಳುತ್ತಿತ್ತು. 6 ಮತ್ತು 7ನೇ ಶತಮಾನಗಳಲ್ಲಿ ಉತ್ತರದಿಂದ ಗುಂಪು ಗುಂಪಾಗಿ ಬಂದ ಸ್ಲಾವ್ ಜನರು ಸುತ್ತಲಿನ ಹಳ್ಳಿಗಳಲ್ಲಿ ನೆಲೆಸಿದ್ದರು. ಒಂದು ಕಾಲದಲ್ಲಿ ಅವರೇ ಈ ನಗರಕ್ಕೆ ಮತ್ತೆ ಮತ್ತೆ ಮುತ್ತಿಗೆ ಹಾಕಿದ್ದರು. ಮೆಥೋಡಿಯಸ್ ಹುಟ್ಟುವ ಹೊತ್ತಿಗೆ ಅವರು ಪೇಟೆಗೆ ಸರಕು ತರುವ ನೆರೆಹೊರೆಯವರಾಗಿದ್ದರು. ಊರಿನ ಗ್ರೀಕರ ಮಕ್ಕಳು ಬೀದಿಯಲ್ಲಿ ಆಡುತ್ತಲೇ ಸ್ಲಾವ್ ಮಾತು ಕಲಿಯುತ್ತಿದ್ದರು. ಆ ಭಾಷೆಗೆ ತನ್ನದೇ ಆದ ಲಿಪಿ ಇರಲಿಲ್ಲ. ವಿದ್ವಾಂಸರ ಕಣ್ಣಿಗೆ ಅದು ಹೊಲದಲ್ಲಿ, ಸಂತೆಯಲ್ಲಿ ಆಡುವ ಮಾತು ಅಷ್ಟೆ.

ತಂದೆ ಲಿಯೋ ಸೇನೆಯಲ್ಲಿ ಅಧಿಕಾರಿ. ಮನೆಯಲ್ಲಿ ಏಳು ಮಕ್ಕಳು. ಕೊನೆಯವನು ಕಾನ್‌ಸ್ಟಂಟೈನ್. ಇವನೇ ಮುಂದೆ ಸಿರಿಲ್ ಎಂದು ಹೆಸರಾದವನು. ಅಣ್ಣನಿಗೂ ಅವನಿಗೂ ಹತ್ತು ಹನ್ನೆರಡು ವರ್ಷಗಳ ಅಂತರ. ಕಾನ್‌ಸ್ಟಂಟೈನ್‌ಗೆ 14 ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಚುರುಕಾಗಿದ್ದ ಹುಡುಗನನ್ನು ರಾಜಧಾನಿಗೆ ಕರೆಸಿಕೊಂಡು ಓದಿಸಿದರು. ಲಿಯೋ ಎಂಬ ಪ್ರಸಿದ್ಧ ಗಣಿತಜ್ಞ, ಫೋಟಿಯಸ್ ಎಂಬ ಮಹಾ ಪಂಡಿತ ಅವನ ಗುರುಗಳು. ಕಾನ್‌ಸ್ಟಂಟೈನ್ ಚಿಕ್ಕ ವಯಸ್ಸಿಗೇ ತತ್ವಶಾಸ್ತ್ರದ ಅಧ್ಯಾಪಕನಾದ. ಜನ ಅವನನ್ನು ದಾರ್ಶನಿಕ ಎಂದೇ ಕರೆದರು.

ಅಣ್ಣನ ಹಾದಿ ಬೇರೆ. ಅವನು ಸರ್ಕಾರಿ ನೌಕರಿ ಹಿಡಿದ.

ಬಿಟ್ಟುಬಂದ ನೌಕರಿ

ಸಾಮ್ರಾಜ್ಯದೊಳಗೆ ಸ್ಲಾವ್ ಜನರೇ ತುಂಬಿದ್ದ ಒಂದು ಪ್ರಾಂತ್ಯಕ್ಕೆ ಚಕ್ರವರ್ತಿ ಮೆಥೋಡಿಯಸನನ್ನು ಅಧಿಕಾರಿಯಾಗಿ ನೇಮಿಸಿದ. ತೆರಿಗೆ ವಸೂಲಿ, ನ್ಯಾಯ ತೀರ್ಮಾನ, ಗಡಿಯ ಕಾವಲು ಇಂಥ ಕೆಲಸಗಳು ಆಗಿನ ಪ್ರಾಂತ್ಯಾಧಿಕಾರಿಗಳ ಪಾಲಿಗೆ ಬರುತ್ತಿದ್ದವು. ಅಲ್ಲಿ ಅವನು ಹಲವು ವರ್ಷ ಇದ್ದ. ಸ್ಲಾವರ ಮಾತಿನ ಜತೆಗೆ ಅವರ ನಡೆನುಡಿ, ಜಗಳ, ಕಟ್ಟುಪಾಡು ಎಲ್ಲವನ್ನೂ ಹತ್ತಿರದಿಂದ ಕಂಡ. ಕಾನೂನು ಬಲ್ಲವನಾದ.

ಆದರೆ ಆ ಬದುಕು ಅವನಿಗೆ ಒಗ್ಗಲಿಲ್ಲ. ಒಂದು ದಿನ ಅಧಿಕಾರ ಬಿಟ್ಟು, ಏಷ್ಯಾ ಮೈನರಿನ ಬಿಥೀನಿಯಾ ಪ್ರಾಂತ್ಯದಲ್ಲಿದ್ದ ಒಲಿಂಪಸ್ ಬೆಟ್ಟಕ್ಕೆ ಹೋಗಿ ಸನ್ಯಾಸಿಯಾದ. ಗ್ರೀಕ್ ಪುರಾಣದ ದೇವತೆಗಳ ಒಲಿಂಪಸ್ ಬೇರೆ, ಇದು ಬೇರೆ. ಇದು ಇಂದಿನ ತುರ್ಕಿಯ ಬುರ್ಸಾ ನಗರದ ಬಳಿಯ ಬೆಟ್ಟ. ಆಗ ಅಲ್ಲಿ ಹತ್ತಾರು ಮಠಗಳಿದ್ದವು. ಓದು, ಪ್ರಾರ್ಥನೆ, ಮೌನ ಇಷ್ಟೇ ಅವನಿಗೆ ಬೇಕಾಗಿತ್ತು. ಆ ಬೆಟ್ಟದ ಮೇಲಿನ ಪ್ರೀತಿ ಕೊನೆಯವರೆಗೂ ಅವನಿಂದ ಹೋಗಲಿಲ್ಲ.

ಮೂವತ್ತು ನಲವತ್ತರ ವಯಸ್ಸಿನಲ್ಲಿ ಒಳ್ಳೆಯ ನೌಕರಿ ಬಿಟ್ಟು ಬೆಟ್ಟ ಹತ್ತಿದವನನ್ನು ನೋಡಿ, ಇವನ ಇಷ್ಟು ವರ್ಷ ದಂಡವಾಯಿತು ಎಂದು ಆಗಿನ ಜನರೂ ಆಡಿಕೊಂಡಿರಬಹುದು. ಆದರೆ ಆ ವರ್ಷಗಳಲ್ಲಿ ಕಲಿತ ಒಂದೊಂದು ಸಂಗತಿಯೂ ಮುಂದೆ ಅವನ ಕೈಹಿಡಿಯಿತು.

ಕೆಲವು ಕಾಲದ ನಂತರ ತಮ್ಮನೂ ರಾಜಧಾನಿಯ ಗದ್ದಲ ಬಿಟ್ಟು ಅದೇ ಬೆಟ್ಟಕ್ಕೆ ಬಂದ. ಅಲ್ಲಿಂದ ಅಣ್ಣ ತಮ್ಮ ಒಟ್ಟಾದರು. 860ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್‌ನನ್ನು ಕಪ್ಪು ಸಮುದ್ರದ ಆಚೆಗಿನ ಖಜಾರ್ ಎಂಬ ಜನರ ದೊರೆಯ ಬಳಿಗೆ ರಾಯಭಾರಿಯಾಗಿ ಕಳಿಸಿದ. ಅಣ್ಣನೂ ಜತೆಗೆ ಹೋದ. ವಯಸ್ಸಿನಲ್ಲಿ ಹಿರಿಯನಾದರೂ ತಮ್ಮನ ಕೈಕೆಳಗೆ ಸಹಾಯಕನಾಗಿ ನಡೆಯಲು ಅವನಿಗೆ ಸಂಕೋಚವಾಗಲಿಲ್ಲ. ಮರಳಿ ಬಂದ ಮೇಲೆ ದೊಡ್ಡ ಹುದ್ದೆಯೊಂದು ಬಂದಾಗ ಬೇಡವೆಂದ. ಕೊನೆಗೆ 70ಕ್ಕೂ ಹೆಚ್ಚು ಸನ್ಯಾಸಿಗಳಿದ್ದ ಪಾಲಿಕ್ರೋನ್ ಎಂಬ ಮಠದ ಹಿರಿಯನಾಗಲು ಒಪ್ಪಿಕೊಂಡ.

ಮೊರಾವಿಯಾದಿಂದ ಬಂದ ಕರೆ

862ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ದೂರದ ಮೊರಾವಿಯಾದಿಂದ ದೂತರು ಬಂದರು. ಇಂದಿನ ಚೆಕ್ ಗಣರಾಜ್ಯದ ಪೂರ್ವ ಭಾಗ ಮತ್ತು ಸ್ಲೊವಾಕಿಯಾ ಸೇರಿದ ಸ್ಲಾವ್ ರಾಜ್ಯ ಅದು. ದೊರೆ ರಾಸ್ತಿಸ್ಲಾವ್. ಅವನ ಜನ ಆಗಲೇ ಕ್ರೈಸ್ತರಾಗಿದ್ದರು. ಆದರೆ ಧರ್ಮ ಬೋಧಿಸುತ್ತಿದ್ದವರು ನೆರೆಯ ಬವೇರಿಯಾದ ಜರ್ಮನ್ ಪಾದ್ರಿಗಳು. ಪೂಜೆ ಲ್ಯಾಟಿನ್ ಭಾಷೆಯಲ್ಲಿ. ಜನರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ತಮ್ಮ ಮಾತಿನಲ್ಲೇ ತಿಳಿಸಿ ಹೇಳಬಲ್ಲ ಗುರುಗಳನ್ನು ಕಳಿಸಿಕೊಡಬೇಕೆಂದು ರಾಸ್ತಿಸ್ಲಾವ್ ಬೇಡಿಕೊಂಡಿದ್ದ.

ಇದರ ಹಿಂದೆ ಭಕ್ತಿಯಷ್ಟೇ ಇರಲಿಲ್ಲ, ರಾಜಕೀಯವೂ ಇತ್ತು. 846ರಲ್ಲಿ ರಾಸ್ತಿಸ್ಲಾವ್‌ನನ್ನು ಪಟ್ಟಕ್ಕೆ ಕೂರಿಸಿದವನು ಪೂರ್ವ ಫ್ರಾಂಕ್ ರಾಜ್ಯದ ದೊರೆ, ಜರ್ಮನ್ ಲೂಯಿ ಎಂದು ಹೆಸರಾದವನು. ಆ ಹಂಗಿನಿಂದ ಹೊರಬರಲು ರಾಸ್ತಿಸ್ಲಾವ್ ಹವಣಿಸುತ್ತಿದ್ದ. ಬವೇರಿಯಾದ ಪಾದ್ರಿಗಳು ಇರುವವರೆಗೆ ಲೂಯಿಯ ಕೈ ತನ್ನ ಅಂಗಳದವರೆಗೂ ಚಾಚಿಕೊಂಡಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇತ್ತ ಬೈಜಾಂಟೈನ್ ಚಕ್ರವರ್ತಿ ಮೂರನೇ ಮೈಕೇಲನಿಗೂ ಒಂದು ಚಿಂತೆ ಇತ್ತು. ಪಕ್ಕದ ಬಲ್ಗೇರಿಯಾದ ದೊರೆ ಬೋರಿಸ್, ಲೂಯಿಯೊಂದಿಗೆ ಸ್ನೇಹ ಬೆಳೆಸುತ್ತಿದ್ದ. ಬಲ್ಗೇರಿಯಾದ ಆಚೆಗೆ ಒಬ್ಬ ಗೆಳೆಯನಿದ್ದರೆ ಚಕ್ರವರ್ತಿಗೂ ಒಳ್ಳೆಯದೇ.

ಅಂತೂ ಈ ಕೆಲಸಕ್ಕೆ ಥೆಸಲೋನಿಕಾದ ಅಣ್ಣ ತಮ್ಮಂದಿರಿಗಿಂತ ತಕ್ಕವರು ಬೇರೆ ಸಿಗಲಿಲ್ಲ. ಒಬ್ಬ ಮಹಾ ವಿದ್ವಾಂಸ. ಇನ್ನೊಬ್ಬ ಸ್ಲಾವರ ನಡುವೆ ಆಡಳಿತ ನಡೆಸಿದ ಅನುಭವಿ. ಇಬ್ಬರಿಗೂ ಆ ಭಾಷೆ ಬಾಲ್ಯದಿಂದ ಬಾಯಲ್ಲಿತ್ತು.

ಆದರೆ ಲಿಪಿಯೇ ಇಲ್ಲದ ಭಾಷೆಯಲ್ಲಿ ಪಾಠ ಹೇಳುವುದು ಹೇಗೆ? ಗ್ರೀಕ್ ಅಕ್ಷರಗಳು ಸಾಲುತ್ತಿರಲಿಲ್ಲ. ಸ್ಲಾವ್ ಮಾತಿನಲ್ಲಿ ಹೆಜ್ಜೆ ಹೆಜ್ಜೆಗೂ ಬರುವ ಬ, ಚ, ಶ ಮುಂತಾದ ಧ್ವನಿಗಳಿಗೆ ಆಗಿನ ಗ್ರೀಕ್ ಲಿಪಿಯಲ್ಲಿ ಅಕ್ಷರವಿರಲಿಲ್ಲ. ಹೀಗಾಗಿ ಕಾನ್‌ಸ್ಟಂಟೈನ್ ಒಂದೊಂದು ಧ್ವನಿಗೂ ಒಂದೊಂದು ಗುರುತು ಮಾಡಿ ಹೊಸ ಲಿಪಿಯನ್ನೇ ಕಟ್ಟಿದ. ಸುತ್ತು, ತ್ರಿಕೋನ, ಶಿಲುಬೆಗಳಿಂದ ಕೂಡಿದ ಈ ಲಿಪಿಗೆ ಮುಂದೆ ಗ್ಲಾಗೊಲಿಟಿಕ್ ಎಂಬ ಹೆಸರಾಯಿತು. ಪ್ರತಿ ಅಕ್ಷರಕ್ಕೂ ಒಂದು ಪದವೇ ಹೆಸರು. ಮೊದಲ ಮೂರು ಅಜ್, ಬುಕಿ, ವೇದಿ. ವೇದಿ ಎಂದರೆ ತಿಳಿಯುವುದು ಎಂಬ ಅರ್ಥ. ಆ ಪದಕ್ಕೂ ನಮ್ಮ ವೇದ ಎಂಬ ಪದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಹೊರಡುವ ಮುನ್ನವೇ ಯೋಹಾನನ ಸುವಾರ್ತೆಯ ಅನುವಾದವನ್ನು ಆರಂಭಿಸಿದರು. 863ರಲ್ಲಿ ಅಣ್ಣ ತಮ್ಮ ಮೊರಾವಿಯಾ ತಲುಪಿದರು.

ಜೋಡೆತ್ತಿನ ದುಡಿಮೆ

ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ್ದು ಮೇಷ್ಟರ ಕೆಲಸ. ಹುಡುಗರನ್ನು ಸೇರಿಸಿ ಅಕ್ಷರ ಕಲಿಸುವುದು, ಪೂಜೆಯ ಪುಸ್ತಕಗಳನ್ನು ಅನುವಾದಿಸುವುದು, ಪ್ರತಿ ಮಾಡಿಸುವುದು. ಆಳವಾದ ತತ್ವವನ್ನು ಹೇಳಲು ಬೇಕಾದ ಪದಗಳೇ ಆ ಭಾಷೆಯಲ್ಲಿರಲಿಲ್ಲ. ಇರುವ ಪದಗಳನ್ನು ಜೋಡಿಸಿ, ಗ್ರೀಕಿನ ಮಾದರಿಯಲ್ಲಿ ಹೊಸ ಪದಗಳನ್ನು ಹುಟ್ಟಿಸಬೇಕಾಗಿತ್ತು. ಆಡುಮಾತೊಂದು ಅವರ ಕೈಯಲ್ಲಿ ಗ್ರಂಥಭಾಷೆಯಾಗುತ್ತಿತ್ತು.

ಬವೇರಿಯಾದ ಪಾದ್ರಿಗಳು ಸುಮ್ಮನಿರಲಿಲ್ಲ. ದೇವರನ್ನು ಸ್ತುತಿಸಲು ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರು ಭಾಷೆಗಳು ಮಾತ್ರ ಯೋಗ್ಯ ಎಂಬುದು ಅವರ ವಾದ. ಯೇಸುವಿನ ಶಿಲುಬೆಯ ಮೇಲೆ ಬರೆದಿದ್ದು ಆ ಮೂರು ಭಾಷೆಗಳಲ್ಲಿ ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಆಧಾರ. ಬೈಜಾಂಟಿಯಂನ ಅನುಭವ ಬೇರೆಯಾಗಿತ್ತು. ಅರ್ಮೇನಿಯನ್ನರು, ಜಾರ್ಜಿಯನ್ನರು, ಸಿರಿಯನ್ನರು ತಮ್ಮ ತಮ್ಮ ಭಾಷೆಯಲ್ಲೇ ಪೂಜೆ ಮಾಡುತ್ತಿದ್ದುದನ್ನು ಪೂರ್ವದವರು ಕಂಡಿದ್ದರು. ಮಳೆಯೂ ಬಿಸಿಲೂ ಎಲ್ಲರ ಮೇಲೂ ಸಮನಾಗಿ ಬೀಳುವಾಗ ಭಾಷೆಯಲ್ಲಿ ಮಾತ್ರ ಭೇದವೇಕೆ ಎಂದು ವೆನಿಸ್ ನಗರದಲ್ಲಿ ನಡೆದ ವಾದದಲ್ಲಿ ಕಾನ್‌ಸ್ಟಂಟೈನ್ ಕೇಳಿದನೆಂದು ಅವನ ಚರಿತ್ರೆ ತಿಳಿಸುತ್ತದೆ.

867ರಲ್ಲಿ ಅಣ್ಣ ತಮ್ಮ ಶಿಷ್ಯರೊಂದಿಗೆ ರೋಮ್‌ಗೆ ಹೊರಟರು. ದಾರಿಯಲ್ಲಿ, ಇಂದಿನ ಹಂಗೇರಿಯ ಬಾಲಟನ್ ಸರೋವರದ ಬಳಿ ಆಳುತ್ತಿದ್ದ ಕೊಟ್ಸೆಲ್ ಎಂಬ ಸ್ಲಾವ್ ದೊರೆ ತಾನೇ ಆ ಅಕ್ಷರ ಕಲಿತು, 50 ವಿದ್ಯಾರ್ಥಿಗಳನ್ನು ಅವರಿಗೆ ಒಪ್ಪಿಸಿದ. ರೋಮ್‌ನಲ್ಲಿ ಪೋಪ್ ಎರಡನೇ ಹೇಡ್ರಿಯನ್ ಅವರನ್ನು ಆದರದಿಂದ ಬರಮಾಡಿಕೊಂಡ. ಖಜಾರ್ ಪ್ರಯಾಣದ ಹೊತ್ತಿನಲ್ಲಿ ಕ್ರೈಮಿಯಾದಲ್ಲಿ ದೊರೆತಿದ್ದ ಸಂತ ಕ್ಲೆಮೆಂಟನದು ಎನ್ನಲಾದ ಅಸ್ಥಿಯನ್ನು ಅವರು ಜತೆಗೆ ತಂದಿದ್ದರು. ಅದು ರೋಮ್ ಜನರಿಗೆ ಅಮೂಲ್ಯವಾಗಿತ್ತು. ಪೋಪ್ ಸ್ಲಾವ್ ಪುಸ್ತಕಗಳನ್ನು ಆಶೀರ್ವದಿಸಿದ. ರೋಮ್‌ನ ಚರ್ಚುಗಳಲ್ಲೇ ಸ್ಲಾವ್ ಭಾಷೆಯ ಪೂಜೆ ನಡೆಯಿತು.

ಗೆದ್ದೆವು ಎನ್ನುವಷ್ಟರಲ್ಲಿ ತಮ್ಮ ಹಾಸಿಗೆ ಹಿಡಿದ. ಕಾಯಿಲೆಯಲ್ಲೇ ಸನ್ಯಾಸ ಸ್ವೀಕರಿಸಿ ಸಿರಿಲ್ ಎಂದು ಹೆಸರು ಬದಲಿಸಿಕೊಂಡ. ಲೋಕ ಇಂದು ನೆನೆಯುವ ಆ ಹೆಸರನ್ನು ಅವನು ಹೊತ್ತಿದ್ದು ಕೊನೆಯ ಕೆಲವು ವಾರ ಮಾತ್ರ. 869ರ ಫೆಬ್ರುವರಿ 14ರಂದು, 42ನೇ ವಯಸ್ಸಿನಲ್ಲಿ ತೀರಿಕೊಂಡ.

ಸಾಯುವ ಮುನ್ನ ಅವನು ಅಣ್ಣನನ್ನು ಹತ್ತಿರ ಕರೆದ. ನಾವಿಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಒಂದೇ ಸಾಲು ಉಳುತ್ತಿದ್ದೆವು, ನಾನು ಸಾಲಿನಲ್ಲೇ ಬೀಳುತ್ತಿದ್ದೇನೆ ಎಂಬ ಅರ್ಥದ ಮಾತಾಡಿದ. ನಿನಗೆ ಆ ಬೆಟ್ಟದ ಮೇಲೆ ಬಹಳ ಪ್ರೀತಿಯೆಂದು ಬಲ್ಲೆ, ಆದರೆ ಬೆಟ್ಟಕ್ಕಾಗಿ ಕಲಿಸುವ ಕೆಲಸ ಬಿಡಬೇಡ ಎಂದು ಬೇಡಿಕೊಂಡ. ಉಳುಮೆ ಕಂಡ ನಮ್ಮ ಹಳ್ಳಿಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಜೋಡಿಯಲ್ಲಿ ಒಂದೆತ್ತು ಬಿದ್ದರೆ ಇನ್ನೊಂದರ ಪಾಡೇನು ಎಂಬುದು ಅವರಿಗೆ ಗೊತ್ತು.

ತಮ್ಮನ ದೇಹವನ್ನು ಊರಿಗೆ ಒಯ್ಯಬೇಕೆಂದು ಮೆಥೋಡಿಯಸ್ ಆಸೆಪಟ್ಟ. ಇಬ್ಬರಲ್ಲಿ ಯಾರು ಮೊದಲು ಸತ್ತರೂ ಇನ್ನೊಬ್ಬ ಮಣ್ಣಿಗೆ ಊರಿಗೆ ತರಬೇಕೆಂದು ತಾಯಿ ಮಾತು ತೆಗೆದುಕೊಂಡಿದ್ದಳು. ರೋಮ್‌ನವರು ಒಪ್ಪಲಿಲ್ಲ. ಕೊನೆಗೆ ಸಂತ ಕ್ಲೆಮೆಂಟನ ಚರ್ಚಿನಲ್ಲೇ ಮಣ್ಣು ಮಾಡಿದರು. ತಾಯಿಗೆ ಕೊಟ್ಟ ಮಾತು ನಡೆಯಲಿಲ್ಲ. ತಮ್ಮನಿಗೆ ಕೊಟ್ಟ ಮಾತು ಉಳಿದಿತ್ತು.

ಸೆರೆಮನೆಯ ದಿನಗಳು

ಮೆಥೋಡಿಯಸ್ ಬೆಟ್ಟಕ್ಕೆ ಹೋಗಲಿಲ್ಲ. ಪೋಪ್ ಅವನನ್ನು ಪನೋನಿಯಾ ಮತ್ತು ಮೊರಾವಿಯಾ ಪ್ರದೇಶಗಳಿಗೆ ಆರ್ಚ್‌ಬಿಷಪ್ ಆಗಿ ನೇಮಿಸಿದ. ಇದು ಬವೇರಿಯಾದ ಬಿಷಪ್‌ಗಳನ್ನು ಕೆರಳಿಸಿತು. ಸುಮಾರು 75 ವರ್ಷಗಳಿಂದ ತಮ್ಮ ಅಧೀನದಲ್ಲಿದ್ದ ನೆಲಕ್ಕೆ ಈ ಗ್ರೀಕನು ಒಡೆಯನಾಗಿ ಬಂದನಲ್ಲ ಎಂಬ ಸಿಟ್ಟು.

ಅದೇ ಹೊತ್ತಿಗೆ ಮೊರಾವಿಯಾದಲ್ಲಿ ಗಾಳಿ ತಿರುಗಿತು. 870ರಲ್ಲಿ ರಾಸ್ತಿಸ್ಲಾವ್‌ನ ಸ್ವಂತ ಅಣ್ಣತಮ್ಮಂದಿರ ಮಗ ಸ್ವಾತೊಪ್ಲುಕ್ ಅವನನ್ನು ಹಿಡಿದು ಫ್ರಾಂಕರಿಗೆ ಒಪ್ಪಿಸಿದ. ಅವರು ಅವನ ಕಣ್ಣು ಕೀಳಿಸಿ ಸೆರೆಗೆ ತಳ್ಳಿದರು. ಕಾಪಾಡುವ ದೊರೆ ಇಲ್ಲವಾದ ಮೇಲೆ ಮೆಥೋಡಿಯಸ್ ಕೂಡ ಸೆರೆಸಿಕ್ಕ. ಬವೇರಿಯಾದ ಬಿಷಪ್‌ಗಳು ದೊರೆ ಲೂಯಿಯ ಎದುರು ಅವನನ್ನು ವಿಚಾರಣೆಗೆ ನಿಲ್ಲಿಸಿದರು. ಪಾಸಾವ್ ನಗರದ ಬಿಷಪ್ ಕುದುರೆ ಚಾವಟಿ ಹಿಡಿದು ಅವನ ಮೇಲೆ ಏರಿಹೋದ ಸಂಗತಿ ಮುಂದೆ ಪೋಪ್ ಬರೆದ ಪತ್ರದಲ್ಲಿ ದಾಖಲಾಗಿದೆ. ನಂತರ ಅವನನ್ನು ಜರ್ಮನಿಯ ಸ್ವಾಬಿಯಾ ಪ್ರದೇಶಕ್ಕೆ ಒಯ್ದು ಎರಡೂವರೆ ವರ್ಷ ಕೂಡಿಹಾಕಿದರು.

ಆಗ ಅವನಿಗೆ ಸುಮಾರು 55 ವರ್ಷ. ತಮ್ಮನಿಲ್ಲ, ಕರೆಸಿಕೊಂಡ ದೊರೆಯ ಕಣ್ಣಿಲ್ಲ, ಶಿಷ್ಯರು ಚದುರಿದ್ದಾರೆ, ಊರು ಬಹುದೂರ. ಬೆಟ್ಟಕ್ಕೆ ಮರಳಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಸ್ಲಾವ್ ಪೂಜೆಯನ್ನು ಕೈಬಿಡುತ್ತೇನೆಂದು ಒಪ್ಪಿಕೊಂಡಿದ್ದರೆ ಬಾಗಿಲು ಬೇಗ ತೆರೆಯುತ್ತಿತ್ತೋ ಏನೋ. ಅವನು ಒಪ್ಪಲಿಲ್ಲ.

ಸುದ್ದಿ ತಿಳಿದ ಹೊಸ ಪೋಪ್ ಎಂಟನೇ ಜಾನ್ ಸಿಡಿದೆದ್ದ. ಆರ್ಚ್‌ಬಿಷಪ್ ಬಿಡುಗಡೆಯಾಗುವವರೆಗೆ ಬವೇರಿಯಾದ ಬಿಷಪ್‌ಗಳು ಪೂಜೆ ಮಾಡಕೂಡದೆಂದು ಕಟ್ಟಾಜ್ಞೆ ಕಳಿಸಿದ. 873ರಲ್ಲಿ ಮೆಥೋಡಿಯಸ್ ಹೊರಬಂದ. ಆದರೆ ಅದೇ ಪೋಪ್ ಸ್ಲಾವ್ ಭಾಷೆಯಲ್ಲಿ ಪೂಜೆ ಮಾಡುವುದನ್ನು ಆಗ ನಿಷೇಧಿಸಿದ. ಜೀವ ಉಳಿಯಿತು, ಆದರೆ ಯಾವುದಕ್ಕಾಗಿ ಸೆರೆ ಅನುಭವಿಸಿದನೋ ಅದಕ್ಕೇ ತಡೆ ಬಿತ್ತು.

ಮತ್ತೆ ಮೊದಲಿನಿಂದ

ಮೊರಾವಿಯಾ ಈಗ ಸ್ವಾತೊಪ್ಲುಕ್‌ನ ಕೈಯಲ್ಲಿತ್ತು. ಅವನು ಫ್ರಾಂಕರ ವಿರುದ್ಧವೇ ತಿರುಗಿಬಿದ್ದು ರಾಜ್ಯವನ್ನು ದೊಡ್ಡದು ಮಾಡಿದ್ದ. ಮೆಥೋಡಿಯಸನನ್ನು ಬರಮಾಡಿಕೊಂಡ. ಆದರೆ ಅವನಿಗೆ ಸ್ಲಾವ್ ಪುಸ್ತಕಗಳಲ್ಲಿ ಅಂಥ ಒಲವಿರಲಿಲ್ಲ. ಅವನ ಮನಸ್ಸು ಲ್ಯಾಟಿನ್ ಪೂಜೆಯ ಕಡೆಗಿತ್ತು. ಮೆಥೋಡಿಯಸ್ ಕೆಲಸ ಮುಂದುವರಿಸಿದ. ಊರೂರಿಗೆ ಹೋದ, ಶಿಷ್ಯರನ್ನು ಮತ್ತೆ ಕೂಡಿಸಿದ, ಪಾದ್ರಿಗಳನ್ನು ತಯಾರು ಮಾಡಿದ.

ದೂರುಗಳು ರೋಮ್ ತಲುಪಿದವು. 880ರಲ್ಲಿ ಪೋಪ್ ಅವನನ್ನು ಕರೆಸಿ ವಿಚಾರಿಸಿದ. ಮೆಥೋಡಿಯಸ್ ಎಲ್ಲಕ್ಕೂ ಉತ್ತರ ಕೊಟ್ಟ. ಆಡಳಿತಗಾರನಾಗಿದ್ದ ಕಾಲದ ತಾಳ್ಮೆ, ಕಾನೂನಿನ ತಿಳಿವಳಿಕೆ ಎರಡೂ ಅಲ್ಲಿ ನೆರವಾಗಿರಬೇಕು. ಪೋಪ್‌ಗೆ ಸಮಾಧಾನವಾಗಿ ಸ್ವಾತೊಪ್ಲುಕ್‌ಗೆ ಪತ್ರ ಬರೆದ. ಸ್ಲಾವ್ ಭಾಷೆಯಲ್ಲಿ ಪೂಜೆ ಮಾಡಲು ಯಾವ ಅಡ್ಡಿಯೂ ಇಲ್ಲ, ಸುವಾರ್ತೆಯನ್ನು ಮೊದಲು ಲ್ಯಾಟಿನ್‌ನಲ್ಲಿ ಓದಿ ಆಮೇಲೆ ಸ್ಲಾವ್ ಭಾಷೆಯಲ್ಲಿ ಓದಬೇಕು, ದೊರೆಗೆ ಲ್ಯಾಟಿನ್ ಪೂಜೆಯೇ ಬೇಕಿದ್ದರೆ ಅವನಿಗೆ ಹಾಗೇ ಮಾಡಿಕೊಡಲಿ ಎಂಬುದು ಪತ್ರದ ಸಾರ.

ಆದರೆ ಅದೇ ಸಲ ದೊರೆಯ ಇಷ್ಟದಂತೆ ವಿಖಿಂಗ್ ಎಂಬ ಜರ್ಮನ್ ಪಾದ್ರಿಯನ್ನು ನಿತ್ರಾ ಎಂಬಲ್ಲಿಗೆ ಬಿಷಪ್ ಮಾಡಿ, ಮೆಥೋಡಿಯಸನ ಕೈಕೆಳಗೆ ಇರಿಸಿದರು. ಅವನು ಹಿರಿಯನ ಮಾತು ಕೇಳುವವನಲ್ಲ. ಪೋಪ್ ತನಗೆ ಬೇರೆಯೇ ಆದೇಶ ಕೊಟ್ಟಿದ್ದಾನೆಂದು ಸುದ್ದಿ ಹಬ್ಬಿಸಿದ. ಹಾಗೇನೂ ಇಲ್ಲವೆಂದು ಪೋಪ್ ಮತ್ತೆ ಪತ್ರ ಬರೆಯಬೇಕಾಯಿತು. ಪ್ರತಿದಿನ ಕಾಲೆಳೆಯುವವನನ್ನು ಪಕ್ಕದಲ್ಲೇ ಇಟ್ಟುಕೊಂಡು ದುಡಿಯುವ ಕಷ್ಟ ಮೆಥೋಡಿಯಸನಿಗೆ ಕೊನೆಯವರೆಗೂ ತಪ್ಪಲಿಲ್ಲ.

ಅವನನ್ನು ಕಂಡರೆ ಬೈಜಾಂಟೈನ್ ಚಕ್ರವರ್ತಿಗೆ ಸಿಟ್ಟಿದೆ, ಕೈಗೆ ಸಿಕ್ಕರೆ ಉಳಿಸುವುದಿಲ್ಲ ಎಂದೂ ವಿರೋಧಿಗಳು ಹೇಳಿಕೊಂಡು ತಿರುಗಿದರು. ಸುಮಾರು 882ರಲ್ಲಿ ಚಕ್ರವರ್ತಿ ಒಂದನೇ ಬೇಸಿಲ್‌ನಿಂದಲೇ ಆಹ್ವಾನ ಬಂತು. ಮುದುಕನಾಗಿದ್ದ ಮೆಥೋಡಿಯಸ್ ಅಷ್ಟು ದೂರ ಪ್ರಯಾಣ ಮಾಡಿ ಕಾನ್‌ಸ್ಟಾಂಟಿನೋಪಲ್ ತಲುಪಿದ. ಚಕ್ರವರ್ತಿ ಗೌರವದಿಂದ ಕಂಡ. ತಮ್ಮನ ಗುರುವಾಗಿದ್ದ ಫೋಟಿಯಸ್ ಆಗ ಅಲ್ಲಿನ ಧರ್ಮಾಧ್ಯಕ್ಷನಾಗಿದ್ದ. ಬೇಸಿಲ್ ಕೇಳಿಕೊಂಡಂತೆ ಮೆಥೋಡಿಯಸ್ ಇಬ್ಬರು ಶಿಷ್ಯರನ್ನು ಸ್ಲಾವ್ ಪುಸ್ತಕಗಳೊಂದಿಗೆ ಅಲ್ಲಿಯೇ ಬಿಟ್ಟುಬಂದ. ಪಕ್ಕದ ಬಲ್ಗೇರಿಯಾ ಅಷ್ಟರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಕ್ರೈಸ್ತ ಧರ್ಮ ಸ್ವೀಕರಿಸಿತ್ತು. ಸ್ಲಾವ್ ಪುಸ್ತಕಗಳ ಬೆಲೆ ಚಕ್ರವರ್ತಿಗೂ ತಿಳಿದಿತ್ತು.

ಮೊರಾವಿಯಾಕ್ಕೆ ಮರಳಿದ ಮೆಥೋಡಿಯಸ್ ಬೇರೆಲ್ಲವನ್ನೂ ಬದಿಗಿಟ್ಟು ಅನುವಾದಕ್ಕೆ ಕೂತ. ವೇಗವಾಗಿ ಬರೆಯಬಲ್ಲ ಇಬ್ಬರು ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡು, ಮಕಬಿಯರ ಗ್ರಂಥವೊಂದನ್ನು ಬಿಟ್ಟು ಉಳಿದ ಬೈಬಲನ್ನು ಗ್ರೀಕ್‌ನಿಂದ ಸ್ಲಾವ್ ಭಾಷೆಗೆ ತಂದ. ಮಾರ್ಚ್ ತಿಂಗಳಲ್ಲಿ ಆರಂಭಿಸಿ ಅಕ್ಟೋಬರ್ 26ಕ್ಕೆ ಮುಗಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಅದು ಥೆಸಲೋನಿಕಾ ನಗರದ ರಕ್ಷಕನೆಂದು ಹೆಸರಾದ ಸಂತ ದಿಮೀತ್ರಿಯಸನ ಹಬ್ಬದ ದಿನ. ಹುಟ್ಟಿದ ಊರಿನ ಹಬ್ಬವನ್ನು ಅಷ್ಟು ದೂರದಲ್ಲಿದ್ದೂ ಅವನು ಮರೆತಿರಲಿಲ್ಲ. ಬೈಬಲಿನ ಜತೆಗೆ ಚರ್ಚಿನ ಕಾನೂನುಗಳ ಸಂಗ್ರಹವನ್ನೂ ಅನುವಾದಿಸಿದ. ಹಳೆಯ ನ್ಯಾಯಾಧಿಕಾರಿ ಅವನೊಳಗೆ ಇನ್ನೂ ಇದ್ದ.

ಬಿತ್ತಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ

885ರ ಏಪ್ರಿಲ್ 6ರಂದು ಮೆಥೋಡಿಯಸ್ ತೀರಿಕೊಂಡ. ಅವನ ಅಂತ್ಯಸಂಸ್ಕಾರ ಲ್ಯಾಟಿನ್, ಗ್ರೀಕ್, ಸ್ಲಾವ್ ಮೂರೂ ಭಾಷೆಗಳಲ್ಲಿ ನಡೆಯಿತು. ತನ್ನ ನಂತರ ಗೊರಾಜ್ದ್ ಎಂಬ ಶಿಷ್ಯ ನಡೆಸಿಕೊಂಡು ಹೋಗಲೆಂದು ಅವನು ಹೇಳಿದ್ದ. ಗೊರಾಜ್ದ್ ಅದೇ ನೆಲದಲ್ಲಿ ಹುಟ್ಟಿದವನು, ಲ್ಯಾಟಿನ್ ಕೂಡ ಬಲ್ಲವನು.

ಆದರೆ ಅದು ನಡೆಯಲಿಲ್ಲ. ವಿಖಿಂಗ್ ರೋಮ್‌ಗೆ ಓಡಿದ. ಹೊಸ ಪೋಪ್ ಐದನೇ ಸ್ಟೀಫನ್ ಸ್ಲಾವ್ ಭಾಷೆಯ ಪೂಜೆಯನ್ನು ನಿಷೇಧಿಸಿದ. ಮೆಥೋಡಿಯಸನ ಶಿಷ್ಯರನ್ನು ಹಿಡಿದು ಸೆರೆಗೆ ಹಾಕಿದರು, ಹೊಡೆದರು, ಗಡಿ ದಾಟಿಸಿದರು. ಚಿಕ್ಕ ವಯಸ್ಸಿನವರನ್ನು ಗುಲಾಮರ ವ್ಯಾಪಾರಿಗಳಿಗೆ ಮಾರಿದರು. ವೆನಿಸ್‌ಗೆ ಬಂದಿದ್ದ ಬೈಜಾಂಟೈನ್ ಅಧಿಕಾರಿಯೊಬ್ಬ ಅವರಲ್ಲಿ ಕೆಲವರನ್ನು ಹಣ ಕೊಟ್ಟು ಬಿಡಿಸಿ ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ. 22 ವರ್ಷಗಳ ದುಡಿಮೆ ಕೆಲವೇ ತಿಂಗಳುಗಳಲ್ಲಿ ಮೊರಾವಿಯಾದಿಂದ ಅಳಿಸಿಹೋಯಿತು. 20 ವರ್ಷ ಕಳೆಯುವಷ್ಟರಲ್ಲಿ ಹಂಗೇರಿಯನ್ನರ ದಾಳಿಗೆ ಮೊರಾವಿಯಾ ರಾಜ್ಯವೇ ಕುಸಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಮೆಥೋಡಿಯಸನನ್ನು ಸೋತವನೆಂದೇ ಹೇಳಬೇಕಾಗಿತ್ತು. ಆದರೆ ಅವನು ಪುಸ್ತಕಗಳ ಜತೆಗೆ ಮನುಷ್ಯರನ್ನೂ ತಯಾರು ಮಾಡಿದ್ದ. ಪುಸ್ತಕಗಳನ್ನು ಸುಡಬಹುದು. ಕಲಿತದ್ದನ್ನು ತಲೆಯಲ್ಲಿ ಹೊತ್ತು ನಡೆಯುವವರನ್ನು ಏನು ಮಾಡುವುದು? ಅವನು ಬಿಟ್ಟುಹೋದ ಶಿಷ್ಯವರ್ಗ ಸುಮಾರು 200 ಮಂದಿ ಎಂದು ಒಂದು ಹಳೆಯ ಚರಿತ್ರೆ ಹೇಳುತ್ತದೆ.

ಅವರಲ್ಲಿ ಕ್ಲೆಮೆಂಟ್, ನೌಮ್, ಆಂಜೆಲಾರ್ ಎಂಬ ಮೂವರು ಮರದ ದಿಮ್ಮಿಗಳನ್ನು ಕಟ್ಟಿದ ತೆಪ್ಪದಲ್ಲಿ ಡ್ಯಾನ್ಯೂಬ್ ನದಿ ದಾಟಿ ಬಲ್ಗೇರಿಯಾದ ಗಡಿಕೋಟೆ ಬೆಲ್‌ಗ್ರೇಡ್ ತಲುಪಿದರು. ದೊರೆ ಬೋರಿಸ್ ಇಂಥವರನ್ನೇ ಎದುರು ನೋಡುತ್ತಿದ್ದ. ಧರ್ಮವನ್ನು ಬೈಜಾಂಟಿಯಂನಿಂದ ಪಡೆದಿದ್ದರೂ ಗ್ರೀಕ್ ಪಾದ್ರಿಗಳ ಹಿಡಿತಕ್ಕೆ ಸಿಗಲು ಅವನಿಗೆ ಇಷ್ಟವಿರಲಿಲ್ಲ. ಸ್ಲಾವ್ ಭಾಷೆಯಲ್ಲಿ ಕಲಿಸಬಲ್ಲ ಗುರುಗಳು ಮನೆ ಬಾಗಿಲಿಗೇ ಬಂದಿದ್ದರು. ಕ್ಲೆಮೆಂಟನನ್ನು ಅವನು ರಾಜ್ಯದ ನೈರುತ್ಯಕ್ಕೆ, ಇಂದಿನ ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಕಡೆಗೆ ಕಳಿಸಿದ. ಅಲ್ಲಿ ಏಳು ವರ್ಷಗಳಲ್ಲಿ 3,500 ವಿದ್ಯಾರ್ಥಿಗಳು ಅವನ ಬಳಿ ಕಲಿತರೆಂದು ಅವನ ಚರಿತ್ರೆ ಹೇಳುತ್ತದೆ. 893ರ ಹೊತ್ತಿಗೆ ಬಲ್ಗೇರಿಯಾದ ಚರ್ಚು ಗ್ರೀಕ್ ಭಾಷೆಯಿಂದ ಸ್ಲಾವ್ ಭಾಷೆಗೆ ತಿರುಗಿತು.

ಗ್ಲಾಗೊಲಿಟಿಕ್ ಲಿಪಿ ಬರೆಯಲು ತುಸು ಕಷ್ಟ. ಬಲ್ಗೇರಿಯಾದಲ್ಲಿ ಗ್ರೀಕ್ ಅಕ್ಷರಗಳ ಪರಿಚಯ ಮೊದಲೇ ಇತ್ತು. ಹೀಗಾಗಿ ಗ್ರೀಕ್ ಅಕ್ಷರಗಳನ್ನು ಇಟ್ಟುಕೊಂಡು, ಅದರಲ್ಲಿ ಇಲ್ಲದ ಧ್ವನಿಗಳಿಗೆ ಹೊಸ ಅಕ್ಷರ ಸೇರಿಸಿ ಇನ್ನೊಂದು ಲಿಪಿ ಬೆಳೆಯಿತು. ಅದನ್ನು ಸಿರಿಲ್ ಮಾಡಿದ್ದಲ್ಲ. ಆದರೂ ದಾರಿ ತೋರಿದವನ ಹೆಸರೇ ಅದಕ್ಕೆ ಅಂಟಿತು. 988ರಲ್ಲಿ ಕೀವ್ ನಗರದ ದೊರೆ ವ್ಲಾದಿಮಿರ್ ಬೈಜಾಂಟಿಯಂನಿಂದ ಕ್ರೈಸ್ತ ಧರ್ಮ ಸ್ವೀಕರಿಸಿದಾಗ, ಓದಿ ಅರ್ಥ ಮಾಡಿಕೊಳ್ಳಲು ಸ್ಲಾವ್ ಪುಸ್ತಕಗಳು ಬಲ್ಗೇರಿಯಾದಲ್ಲಿ ಸಿದ್ಧವಾಗಿದ್ದವು. ಆ ಭಾಷೆ, ಆ ಲಿಪಿ ಉತ್ತರಕ್ಕೆ ಹರಿದದ್ದು ಹಾಗೆ. ಇತ್ತ ಕ್ರೊಯೇಷಿಯಾದ ಕರಾವಳಿಯಲ್ಲಿ ಮೂಲ ಗ್ಲಾಗೊಲಿಟಿಕ್ ಲಿಪಿಯೂ ಹಲವು ಶತಮಾನ ಉಳಿಯಿತು.

2007ರಲ್ಲಿ ಬಲ್ಗೇರಿಯಾ ಐರೋಪ್ಯ ಒಕ್ಕೂಟ ಸೇರಿದಾಗ, ಲ್ಯಾಟಿನ್ ಮತ್ತು ಗ್ರೀಕ್ ಲಿಪಿಗಳ ಪಕ್ಕದಲ್ಲಿ ಸಿರಿಲಿಕ್ ಮೂರನೇ ಅಧಿಕೃತ ಲಿಪಿಯಾಗಿ ಕುಳಿತುಕೊಂಡಿತು. ಪ್ರತಿ ಮೇ 24ರಂದು ಬಲ್ಗೇರಿಯಾದ ವಿದ್ಯಾರ್ಥಿಗಳು ಅಣ್ಣ ತಮ್ಮಂದಿರ ಚಿತ್ರ ಹಿಡಿದು ಮೆರವಣಿಗೆ ಹೋಗುತ್ತಾರೆ. ಚೆಕ್ ಮತ್ತು ಸ್ಲೊವಾಕ್ ದೇಶಗಳಲ್ಲಿ ಜುಲೈ 5 ಅವರ ನೆನಪಿನ ರಜಾದಿನ.

ನಮ್ಮ ಓದು, ತಯಾರಿ, ಅರ್ಧಕ್ಕೆ ಬಿಟ್ಟ ಕೆಲಸ, ಮತ್ತೆ ಬರೆಯುವ ಪರೀಕ್ಷೆ ಇವುಗಳ ನಡುವೆ ಹೆಸರು ಮಾಡಿದವರ ಕಥೆಗಳನ್ನು ನಾವು ಬೇಕಾದಷ್ಟು ಕೇಳುತ್ತೇವೆ. ಹೊಸದೊಂದನ್ನು ಕಂಡುಹಿಡಿದವನಿಗೆ ಹೆಸರು ಸಲ್ಲುವುದು ನ್ಯಾಯವೇ. ಆದರೆ ಕಂಡುಹಿಡಿದದ್ದು ಬಾಳಬೇಕಾದರೆ ಅದನ್ನು ದಿನದಿನವೂ ಕಲಿಸುವ, ತಿದ್ದುವ, ಪ್ರತಿ ಮಾಡಿಸುವ, ಅದಕ್ಕಾಗಿ ದೊರೆಗಳೆದುರು ನಿಂತು ಉತ್ತರ ಕೊಡುವ ಒಬ್ಬರು ಬೇಕು. ಮೆಥೋಡಿಯಸ್ ಅಂಥವನು. ಸಾಯುವಾಗ ಅವನ ಕೈಯಲ್ಲಿ ಗೆಲುವು ಇರಲಿಲ್ಲ. ಮುಗಿಸಿದ ಅನುವಾದ ಮತ್ತು ಕಲಿತ ಶಿಷ್ಯರು ಮಾತ್ರ ಇದ್ದರು.

ಸಿರಿಲ್‌ನ ಸಮಾಧಿಯಿದ್ದ ರೋಮ್‌ನ ಚರ್ಚಿಗೆ ಇಂದಿಗೂ ಜನ ಹೋಗಿ ಹೂವಿಟ್ಟು ಬರುತ್ತಾರೆ. ಮೆಥೋಡಿಯಸನನ್ನು ಮೊರಾವಿಯಾದ ದೊಡ್ಡ ಚರ್ಚಿನಲ್ಲಿ ಮಣ್ಣು ಮಾಡಿದರು. ಆ ಚರ್ಚು ಎಲ್ಲಿತ್ತೆಂದು ಪುರಾತತ್ವಜ್ಞರು ಇನ್ನೂ ಹುಡುಕುತ್ತಲೇ ಇದ್ದಾರೆ. ಅವನು ಉತ್ತ ಸಾಲು ಮಾತ್ರ ಓಹ್ರಿದ್‌ನಿಂದ ಕೀವ್‌ವರೆಗೆ, ಅಲ್ಲಿಂದ ಇನ್ನೂ ಮುಂದಕ್ಕೆ, ಎಲ್ಲರ ಕಣ್ಣಿಗೂ ಕಾಣುತ್ತದೆ.